ಹಾಲುಬಣ್ಣದ ಗೋದಡಿಗೆ ಒಳಪದರ

ಉಮಾವತಿ ಶೆಡ್ತಿಯವರು ಪೆಟ್ಟಿಗೆಯಿಂದ ತೆಗೆದು ಚಾವಡಿಯ ಚಾಪೆಯ ಮೇಲೆ ಹರಡಿದ ಬಟ್ಟೆಯನ್ನು ಕಂಡದ್ದೇ ಸರಸಳ ಕೈ ಹಿಂದೆ ಸರಿಯಿತು. ಕಾಸಿದ ಹಾಲಿನ ಕೆನೆಯ ಬಣ್ಣ. ಅಡಿಯಲ್ಲಿ ಅಂಗೈ ಇಟ್ಟರೆ ಬೆರಳಿನ ಗೆಣ್ಣು ಎಣಿಸಬಹುದು, ಅಷ್ಟು ತೆಳು. ಅವಳು ಹತ್ತು ವರ್ಷಗಳಿಂದ ಗೋದಡಿ ಹೊಲಿಯುತ್ತಿದ್ದವಳು. ಕುಂದಾಪುರದಿಂದ ಬೈಂದೂರಿನ ತನಕ ಬಾಣಂತಿ ಇರುವ ಮನೆಗಳಿಂದ ಕರೆ ಬರುತ್ತಿತ್ತು. ಆದರೆ ಎಲ್ಲರೂ ಕೊಡುತ್ತಿದ್ದದ್ದು ಕೊಳೆ ಕಾಣದ ಕೆಂಪು, ಕಂದು, ಕಡುಹಸಿರು. ಇಂಥ ಬಟ್ಟೆ ಅವಳ ಸೂಜಿಗೆ ಇದೇ ಮೊದಲು.

“ನಮ್ ಲೀಲಾಧರ ತೆಗ್ಸಿ ಕಳ್ಸದ್ದ್,” ಎಂದರು ಶೆಡ್ತಿ. ಲೀಲಾಧರ ಅವರ ಅಳಿಯ, ಬೊಂಬಾಯಿಯ ದಾದರಿನಲ್ಲಿ ಹೋಟೆಲು ಇಟ್ಟವನು. ಮಗಳು ಸರೋಜ ಚೊಚ್ಚಲ ಹೆರಿಗೆಗೆಂದು ನಾವುಂದದ ಈ ತವರಿಗೆ ಬಂದು ಹದಿನೈದು ದಿನವಾಗಿತ್ತು. “ಹುಟ್ಟಿದ್ ಮಗೀಗೆ ಇದ್ನೇ ಹೊದ್ಸ್‌ಕ್ ಅಂಬ್ರ್. ಹೊಲೀಲಕ್ಕಾ ಸರ್ಸಾ?”

“ಹೊಲೀಲಕ್ಕ್ ಅಮ್ಮಾ. ಒಳ್ಗ್ ಎಂತ ಹಾಕುದ್ ಅಂಬ್ದೇ ಯೋಚ್ನಿ.”

“ಅದ್ಕೆಂತ ಯೋಚ್ನಿ? ಹಿತ್ಲ್ ಬೂರ್ಗದ ಮರದ್ ಹತ್ತಿ ಗೋಣಿ ತುಂಬ ಇತ್ತಲೆ.”

ಸರಸ ಗೋಣಿಯಿಂದ ಒಂದು ಹಿಡಿ ತೆಗೆದು ಬಟ್ಟೆಯ ಅಡಿಗಿಟ್ಟು ಬಾಗಿಲ ಬೆಳಕಿಗೆ ಹಿಡಿದು ತೋರಿಸಿದಳು. ಬೂರುಗದ ಹತ್ತಿ ಜಾರುವ ಜಾತಿ. ದಿಂಬಿಗೆ ಸರಿ, ದಿನಾ ಒಗೆಯುವ ಮಗುವಿನ ಹೊದಿಕೆಗೆ ಆಗದು. ಎರಡು ಸಲ ನೀರು ಕಂಡರೆ ಎಲ್ಲವೂ ಒಂದು ಮೂಲೆಗೆ ಹೋಗಿ ಕೂರುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ತೆಳು ನೇಯ್ಗೆಯ ಸಂದಿನಿಂದ ಎಳೆ ಎಳೆಯಾಗಿ ಹೊರಬಂದು ಮಗುವಿನ ಮೂಗಿಗೆ ಹೋದೀತು. ಹಾಗಾದರೆ ಕುಂದಾಪುರದ ಪಿಂಜಾರನಿಂದ ಹಿಂಜಿಸಿ ತಂದ ಹತ್ತಿ? ಅದನ್ನೂ ಅಡಿಗಿಟ್ಟು ಹಿಡಿದಳು. ಬಿಳಿಯ ನಡುವೆ ಬೀಜದ ಚೂರುಗಳು ಇರುವೆ ಹರಿದಂತೆ ಕಪ್ಪಗೆ ಕಂಡವು. ಗಾಢ ಬಣ್ಣದ ಬಟ್ಟೆಯಾಗಿದ್ದರೆ ಯಾರಿಗೆ ತಿಳಿಯುತ್ತಿತ್ತು!

“ಹಳೆ ಸೀರಿಯೇ ಒಳ್ಳೇದ್ ಅಮ್ಮಾ. ಮೂರ್ ಪದರ ಹಾಸಿ ಒತ್ತೊತ್ತಾಗಿ ಹೊಲದ್ರೆ ಬೆಚ್ಗಿರತ್ತ್, ಒಂದೇ ಬಿಸ್ಲಿಗ್ ಒಣ್ಗತ್ತ್. ಬಣ್ಣ ಮಾತ್ರ ಕಂಡ್ ಆರಿಸ್ಕ್.”

ಶೆಡ್ತಿಯವರು ತಮ್ಮ ಒಂದು ಹಳೆಯ ಕೆಂಪು ಸೀರೆಯನ್ನು ತಂದುಕೊಟ್ಟರು. ಸರಸ ಅದನ್ನು ಮಡಚಿ ಅಡಿಗೆ ಇಟ್ಟಳು. ಕೆನೆಬಣ್ಣದ ಬಟ್ಟೆಯ ಮೇಲೆ ಯಾರೋ ಎಲೆಯಡಿಕೆ ಉಗಿದಂತೆ ಕಲೆ ಎದ್ದಿತು. ಸರೋಜ ಗೊಳ್ಳನೆ ನಕ್ಕಳು. ಎಂಟು ತಿಂಗಳ ಬಸುರಿ, ಕಂಬಕ್ಕೆ ಒರಗಿ ಕಾಲು ಚಾಚಿ ಕುಳಿತಿದ್ದಳು.

“ಸರ್ಸಕ್ಕಾ, ಅದ್ ಬ್ಯಾಡ. ನಾನೇ ಬೊಂಬಾಯಿಂದ ಒಂದ್ ಗಂಟ್ ತಂದಿದ್ದೆ. ಹೋಟ್ಲ್ ಅಡ್ಗಿಮನಿ ಹೆಂಗ್ಸ್ರ್ ಕೊಟ್ಟ ಹಳೆ ಸೀರಿ. ಎಲ್ಲಾ ತೆಳು ಬಣ್ಣದ್ದೇ.”

ಗಂಟಿನಲ್ಲಿ ನಾಲ್ಕು ಸೀರೆಗಳಿದ್ದವು. ಮೊದಲನೆಯದರ ಅಂಚು ಹಸಿರು. ಅಂಚು ಕತ್ತರಿಸಿದರೆ ನಡೆದೀತು. ಎರಡನೆಯದು ಬಿಳಿ ಮೈಯದು, ಒಳ್ಳೆಯದು. ಮೂರನೆಯದರ ಹೂಗಳು ಬಟ್ಟೆಯ ಮೂಲಕ ಕಂಡವು, ಪಕ್ಕಕ್ಕಿಟ್ಟಳು. ನಾಲ್ಕನೆಯದು ಒಗೆದೊಗೆದು ಬಣ್ಣವೇ ಇಲ್ಲದಂತಾದ, ಒಂದು ಕಾಲದಲ್ಲಿ ಹಳದಿಯಾಗಿದ್ದ ಸೀರೆ. ಎಳೆ ನವೆದು ಬೆಣ್ಣೆಯಂತೆ ಮೆತ್ತಗಾಗಿತ್ತು. ಇದಕ್ಕಿಂತ ಒಳ್ಳೆಯ ಒಳಪದರ ಬೇರೆ ಸಿಗದು ಅಂದುಕೊಂಡೇ ಸರಸ ಅದನ್ನು ಮಡಿಕೆಯಲ್ಲೇ ಹಾಸಿ, ಮೇಲೆ ಕೆನೆಬಣ್ಣದ ಬಟ್ಟೆ ಹೊದಿಸಿ, ಎರಡನ್ನೂ ಒಟ್ಟಿಗೆ ಬಾಗಿಲಿಗೆ ಅಡ್ಡ ಹಿಡಿದಳು.

ಬೆಳಕಿನಲ್ಲಿ ಅಂಗೈ ಅಗಲದ ಒಂದು ಬಲೆ ಮೂಡಿತು.

ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ನೆರಳು ಬಿದ್ದಿರಬೇಕು ಎಂದುಕೊಂಡು ಸರಿದು ನಿಂತಳು. ಬಲೆ ಅಲ್ಲೇ ಇತ್ತು. ಗಂಟು ಗಂಟಾಗಿ, ಕಣ್ಣು ಕಣ್ಣಾಗಿ, ಹಸಿರು ನೂಲಿನಲ್ಲಿ ಕಟ್ಟಿದ ಬಲೆ. ಎರಡನೆಯ ಸಾಲಿನಲ್ಲಿ ಒಂದು ಕಣ್ಣು ಮಾತ್ರ ಕಟ್ಟುವವರ ಕೈ ತಪ್ಪಿ ದೊಡ್ಡದಾಗಿತ್ತು.

ಆ ಕೈ ಅವಳದೇ.

ಅವಳ ಅಪ್ಪಯ್ಯ ಬಲೆ ಬೀಸುವವನು. ಗಂಡು ಮಕ್ಕಳಿಲ್ಲದ್ದರಿಂದ ಹರಿದ ಬಲೆ ಕಟ್ಟುವುದನ್ನು ಕಿರಿಮಗಳಾದ ಸರಸಳಿಗೆ ಕಲಿಸಿದ್ದ. ಒಮ್ಮೆ ಅಕ್ಕ ಗುಲಾಬಿಯ ಹೊಸ ಹಳದಿ ಸೀರೆ ದೋಣಿಯ ಮೊಳೆಗೆ ಸಿಕ್ಕಿ ಅಂಗೈ ಅಗಲ ಹರಿದುಹೋಯಿತು. ಹೆತ್ತಬ್ಬಿ ಬಾಗಿಗೆ ತಿಳಿಯುವ ಮೊದಲೇ ಸರಿಮಾಡಬೇಕು. ಮನೆಯಲ್ಲಿ ಇದ್ದದ್ದು ರವಿಕೆ ಹೊಲಿದು ಉಳಿದ ಹಸಿರು ನೂಲು, ಸರಸಳಿಗೆ ಗೊತ್ತಿದ್ದದ್ದು ಬಲೆಯ ಗಂಟು. ಅದರಲ್ಲೇ ಹರುಕು ಮುಚ್ಚಿದಳು. ಗುಲಾಬಿ ಅದನ್ನು ಕಂಡು ಹೊಟ್ಟೆ ಹಿಡಿದು ನಕ್ಕು, “ಇದ್ರಲ್ಲ್ ಬೈಗೆ ಹಿಡೀಲಕ್ಕ್ ಮಾರಾಯ್ತಿ” ಎಂದಿದ್ದಳು. ಬೈಗೆಯಂಥ ಸಣ್ಣ ಮೀನು ಹಿಡಿಯುವಷ್ಟು ಚಿಕ್ಕ ಕಣ್ಣು.

ಐವತ್ತೇಳನೆಯ ಇಸವಿಯ ನವರಾತ್ರಿ ಕಳೆದ ವಾರ, ಮರವಂತೆಯ ತಮ್ಮ ಮನೆಯ ಹಿಂದೆ ಹೊಳೆಗೆ ಬಟ್ಟೆ ಒಗೆಯಲು ಹೋದ ಗುಲಾಬಿ ಉಟ್ಟಿದ್ದದ್ದು ಇದೇ ಸೀರೆ. ಒಗೆದು ಹಿಂಡಿದ ಬಟ್ಟೆಯ ಬುಟ್ಟಿ ಕಲ್ಲಿನ ಮೇಲಿತ್ತು. ಅವಳಿರಲಿಲ್ಲ. ಮೂರು ದಿನ ದೋಣಿ ಹಾಕಿ ಹುಡುಕಿದರು. ಇಳಿತಕ್ಕೆ ಸಿಕ್ಕಿ ಕಡಲಿಗೆ ಹೋಗಿರಬೇಕು ಎಂದರು. ಹೆಣ ಸಿಗದ್ದರಿಂದ ತೆಂಗಿನಕಾಯಿ ಇಟ್ಟು ಸುಟ್ಟು, ಉತ್ತರಕ್ರಿಯೆಯ ಬೊಜ್ಜ ಮಾಡಿ ಮುಗಿಸಿದರು. ಗುಲಾಬಿಯ ಎಂಟು ತಿಂಗಳ ಕೂಸು ರತ್ನ ಆಗ ಸರಸಳ ಸೊಂಟಕ್ಕೆ ಬಂದದ್ದು. ವರ್ಷ ಕಳೆದ ಮೇಲೆ ಹಿರಿಯರೆಲ್ಲ ಕೂತು ಮಾತಾಡಿ, ಮದುವೆಯಾದಾಗಿನಿಂದ ಅವರ ಮನೆಯಲ್ಲೇ ಇದ್ದ ಗುಲಾಬಿಯ ಗಂಡ ಮಂಜಯ್ಯನಿಗೇ ಸರಸಳನ್ನು ಕೊಟ್ಟರು.

ಸರಸಳ ಕೈಯಿಂದ ಬಟ್ಟೆ ಜಾರಿತು. ಹೊಸ್ತಿಲ ಮೇಲೆ ಕುಕ್ಕರಿಸಿದಳು.

“ಎಂತಾಯ್ತ್ ಸರ್ಸಾ? ತಲಿ ತಿರ್ಗಿತಾ?” ಶೆಡ್ತಿ ಚೆಂಬಿನಲ್ಲಿ ನೀರು ತಂದರು.

ನೀರು ಕುಡಿಯಲಾಗಲಿಲ್ಲ. “ಸರೋಜಮ್ಮಾ,” ಎಂದಳು, “ಈ ಸೀರಿ ಯಾರ್ ಕೊಟ್ಟದ್ದ್?”

“ಅದಾ? ಪದ್ದಕ್ಕ. ನಮ್ಮ್ ಹೋಟ್ಲಲ್ಲ್ ಮಸಾಲಿ ಅರೂ ಹೆಂಗ್ಸ್. ಇಲ್ಲೇ ಬೈಂದೂರ್ ಬದಿಯವ್ಳ್ ಅಂಬ್ರ್.”

“ಅವ್ಳ್ ಎಡ್ಗೈ ಕಿರ್ಬೆರಳ್?”

ಸರೋಜ ಹುಬ್ಬೆತ್ತಿ ನೋಡಿದಳು. “ಸೊಟ್ಟ. ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?”

ದೋಣಿ ಎಳೆಯುವಾಗ ಹಲಗೆಯ ಅಡಿ ಸಿಕ್ಕಿ ಮುರಿದ ಬೆರಳು. ಸರಸ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಉಮಾವತಿ ಶೆಡ್ತಿಯವರಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರಿಗೆ ಊರೇ ಹೊಳೆದಂಡೆಯಲ್ಲಿ ನಿಂತ ಆ ಮೂರು ದಿನ ಅವರಿಗೂ ನೆನಪಿತ್ತು. ಚೆಂಬು ಕೆಳಗಿಟ್ಟು, ಗೋಡೆ ಹಿಡಿದು, “ಬಾಗಿಯ ಹಿರಿ ಮಗ್ಳಾ?” ಎಂದರು. ಸರಸ ತಲೆಯಾಡಿಸಿದಳು.

ಸರೋಜಳೇ ಮೊದಲು ಬಾಯಿ ತೆರೆದಳು. ತಾನು ಹೇಳುತ್ತಿರುವುದು ಎಷ್ಟು ದೊಡ್ಡ ಸಂಗತಿ ಎಂದು ಹೇಳುತ್ತಾ ಹೇಳುತ್ತಾ ಅವಳಿಗೆ ತಿಳಿಯುತ್ತಿತ್ತು. ಬಸುರಿಯಾದ ಮೇಲೆ ಅವಳಿಗೆ ಬಾಯಿಗೆ ರುಚಿ ಹತ್ತುತ್ತಿರಲಿಲ್ಲ. ಪದ್ದಕ್ಕ ದಿನಾ ಹುಳಿ, ಚಟ್ನಿ ಮಾಡಿ ಮೇಲಿನ ಮಾಳಿಗೆಗೆ ತಂದು ಕೂರಿಸಿ ಉಣ್ಣಿಸುತ್ತಿದ್ದಳು. ಊರಿನ ಸುದ್ದಿ ಎಷ್ಟು ಹೇಳಿದರೂ ಸಾಲದು ಅವಳಿಗೆ. ಗೋದಡಿಯ ಮಾತು ಬಂದಾಗ, ಊರಿನಲ್ಲಿ ಯಾರು ಹೊಲಿಯುತ್ತಾರೆ ಎಂದು ಕೇಳಿದಳು. ಮರವಂತೆಯ ಸರಸಕ್ಕ, ಬಾಗಿಯವರ ಮಗಳು, ಅವಳಿಗೊಬ್ಬಳು ರತ್ನ ಅಂತ ಹುಡುಗಿ, ಬಾಗಿ ತೀರಿ ಮೂರು ವರ್ಷವಾಯಿತು ಎಂದೆಲ್ಲ ಸರೋಜ ಹೇಳಿದಳು. ಪದ್ದಕ್ಕ ಎದ್ದುಹೋದಳು. ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಈ ಸೀರೆಯನ್ನು ಒಗೆದು ಮಡಚಿ ತಂದಳು.

“‘ಇದ್ನ ಒಳ್ಗ್ ಹಾಕುಕ್ ಹೇಳಿ’ ಅಂದ್ಲ್. ಬೇರೆಂತ ಹೇಳ್ಲಿಲ್ಲೆ,” ಎಂದಳು ಸರೋಜ. ಆಮೇಲೆ ಸ್ವಲ್ಪ ತಡೆದು, “ಇನ್ನೊಂದ್ ಮಾತ್ ಹೇಳಿತ್ತ್. ಹೆತ್ತ್ ಆದ್ಮೇಲೆ ಮನ್ಸಿಗ್ ಕೆಟ್ಟ್ ಯೋಚ್ನಿ ಬಂದ್ರೆ ಮುಚ್ಚಿಡ್‌ಬ್ಯಾಡಿ, ಅಬ್ಬಿ ಹತ್ರ ಹೇಳಿ, ಒಬ್ರೇ ಇರ್‌ಬ್ಯಾಡಿ ಅಂತ. ತನ್ನ್ ಊರಂಗ್ ಒಬ್ಳಿಗೆ ಹಾಂಗಾಯಿತ್ತಂಬ್ರ್. ಮಗು ಎತ್ಕಂಡ್ರೆ ಸಾಕ್, ಹೊಳಿಗ್ ಹಾಕ್ ಹಾಕ್ ಅಂತ ಕಿವಿಯೊಳ್ಗ್ ಯಾರೋ ಹೇಳ್ದಾಂಗ್ ಆತಿತ್ತಂಬ್ರ್,” ಎಂದಳು.

ಸರಸ ಎದ್ದಳು. ಆ ಸೀರೆಯೊಂದನ್ನೇ ಮಡಚಿ ಕಂಕುಳಿಗೆ ಹಾಕಿಕೊಂಡು, ಹೇಳದೆ ಕೇಳದೆ ಅಂಗಳ ಇಳಿದಳು.

ನಾವುಂದದಿಂದ ಮರವಂತೆಗೆ ನಡೆದೇ ಬಂದಳು. ಬಲಗಡೆ ಕಡಲು, ಎಡಗಡೆ ಹೊಳೆ, ನಡುವೆ ಡಾಂಬರು ರಸ್ತೆ. ಈ ಹೊಳೆ ಅಕ್ಕನನ್ನು ತಿಂದಿತು ಎಂದು ಹನ್ನೆರಡು ವರ್ಷ ನಂಬಿದ್ದಳು. ಅಬ್ಬಿ ಸಾಯುವ ತನಕ ಹೊಳೆಮೀನು ಬಾಯಿಗಿಡಲಿಲ್ಲ. ಅದು ತಿಂದಿರಲೇ ಇಲ್ಲ. ಅಕ್ಕ ಬುಟ್ಟಿ ಇಟ್ಟು, ಈ ರಸ್ತೆಗೆ ಹತ್ತಿ, ಕೈ ಅಡ್ಡ ಹಿಡಿದು ಬಸ್ಸು ಏರಿ, ಬೊಂಬಾಯಿಯಲ್ಲಿ ಪದ್ದಕ್ಕನಾಗಿದ್ದಳು. ಅಷ್ಟೇ. ಯಾರಿಗೂ ಅದು ಹೊಳೆದಿರಲಿಲ್ಲ. ಎಲ್ಲರೂ ನೀರನ್ನೇ ನೋಡುತ್ತಿದ್ದರು.

ಮಂಜಯ್ಯ ಅಂಗಳದಲ್ಲಿ ಬಲೆ ಹರಡಿಕೊಂಡು ಹರುಕು ಕಟ್ಟುತ್ತಿದ್ದ. ರತ್ನ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಹೇಗೆ ಹೇಳುವುದು, ಅವನ ಎದೆ ಒಡೆದರೆ ಏನು ಮಾಡುವುದು ಎಂದು ದಾರಿಯಿಡೀ ಹೆದರಿಕೊಂಡೇ ಬಂದಿದ್ದಳು ಸರಸ. ಎದುರು ನಿಂತ ಮೇಲೆ ಸುತ್ತಿ ಬಳಸಿ ಹೇಳುವುದಕ್ಕೆ ಬಾಯಿ ಬರಲಿಲ್ಲ.

“ಹ್ವಾಯ್, ಅಕ್ಕ ಬದ್ಕೇ ಇದ್ಲ್. ಬೊಂಬಾಯಂಗೆ.”

ಅವನ ಕೈಯ ಸೂಜಿ ನಿಂತಿತು. ಅವನು ತಲೆ ಎತ್ತಲಿಲ್ಲ. ಹಾರಿ ಬೀಳಲಿಲ್ಲ. “ಎಂತ ಹೇಳ್ತೆ” ಎಂದು ಕೇಳಲಿಲ್ಲ. ಅರ್ಧ ಕಟ್ಟಿದ್ದ ಗಂಟನ್ನು ನಿಧಾನ ಎಳೆದು ಬಿಗಿ ಮಾಡಿದ.

ಚಾವಡಿಯಲ್ಲಿ ಆದದ್ದಕ್ಕಿಂತ ದೊಡ್ಡ ಪೆಟ್ಟು ಸರಸಳಿಗೆ ಬಿದ್ದದ್ದು ಆಗ. ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ.

“ನಿಮ್ಗ್ ಗೊತ್ತಿತ್ತಾ?”

ಅವನು ಸೂಜಿಗೆ ನೂಲು ಸುತ್ತತೊಡಗಿದ.

“ಕೇಂತಾ ಇದ್ದೆ. ಗೊತ್ತಿತ್ತಾ?”

“ಒಂದ್ ಕಾರ್ಡ್ ಬಂದಿತ್ತ್,” ಎಂದ ಮಂಜಯ್ಯ. “ನಮ್ಮ್ ಮದ್ವಿ ಆಯಿ ನಾಕ್ ತಿಂಗ್ಳಿಗ್. ಮಳಿಗಾಲ ಸುರುವಾತಾ ಇತ್ತ್. ಬದ್ಕಿದ್ದೆ, ಹುಡ್ಕ್‌ಬ್ಯಾಡಿ, ಹೆಣ್ಣ್ ಹ್ಯಾಂಗಿತ್ತ್ ಅಂತ ಒಂದ್ ಸಾಲ್ ಬರೀನಿ ಅಂತ ಬರ್ದಿದ್ಲ್.”

“ಬರದ್ರ್ಯಾ?”

“ಇಲ್ಲೆ. ಕಡ್ಲಿಗ್ ಹಾಕ್ದೆ.”

ಅವನು ಈಗ ನಿಲ್ಲಿಸದೆ ಮಾತಾಡತೊಡಗಿದ, ಇಷ್ಟು ವರ್ಷ ಕಟ್ಟಿಟ್ಟಿದ್ದು ಒಮ್ಮೆಲೇ ಒಡೆದಂತೆ. ಗುಲಾಬಿ ಹೋಗುವ ಮುಂಚಿನ ದಿನ ಸಂಜೆ ಅವನು ಅವಳನ್ನು ಹೊಳೆಯಲ್ಲಿ ಕಂಡಿದ್ದ. ಮಗುವನ್ನು ಎತ್ತಿಕೊಂಡು ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದಳು. ಮಗು ಅಳುತ್ತಿತ್ತು. ಅವನು ಇಳಿದು ಕೂಸನ್ನು ಕಸಿದುಕೊಂಡು, ಅವಳ ಕೆನ್ನೆಗೆ ಎರಡು ಬಿಗಿದ. ಅವಳು ಅಳಲಿಲ್ಲ. “ನನ್ನತ್ರ ಕೊಡ್‌ಬ್ಯಾಡಿ ಇನ್ನ್, ಸರ್ಸನ ಹತ್ರ ಕೊಡಿ” ಎಂದಳಂತೆ. ಹುಚ್ಚು ಹಿಡಿದಿದೆ ಎಂದು ಜನ ಆಡಿಕೊಂಡಾರು ಎಂದು ಅವನು ಯಾರಿಗೂ ಹೇಳಲಿಲ್ಲ. ಮರುದಿನ ಬುಟ್ಟಿ ಒಂದೇ ಸಿಕ್ಕಾಗ ತಾನು ಹೊಡೆದದ್ದಕ್ಕೇ ಹಾರಿದಳು ಎಂದು ತಿಳಿದ. ಕಾರ್ಡು ಬರುವ ತನಕವೂ ಹಾಗೇ ತಿಳಿದಿದ್ದ.

“ಆವತ್ತೇ ಹೇಳ್ಳಿಲ್ಲೆ ಎಂತಕ್?”

“ಹೇಳ್ದ್ರೆ ನೀನ್ ಎಂತಾತಿದ್ದೆ? ಹೆಂಡ್ತಿ ಬದ್ಕಿಪ್ಪು ಹೊತ್ತಿಗೇ ಕಟ್ಕಂಡವ್ಳ್ ಅಂತ ಊರವ್ರ್ ಹೇಳ್ತಿದ್ರ್. ನಿನ್ ಮುಖ ಕಂಡ್ ನಂಗ್ ಬಾಯ್ ಬರ್ಲಿಲ್ಲೆ.”

“ನನ್ನ್ ಮುಖ ಬಿಡಿ. ಅಬ್ಬಿ ಮುಖ?”

ಮಂಜಯ್ಯ ಬಲೆಯನ್ನು ಮುದುಡಿ ಮುದುಡಿ ಮಡಿಲಿಗೆ ಎಳೆದುಕೊಂಡ.

“ಏಳ್ ವರ್ಷ,” ಎಂದಳು ಸರಸ. “ಕಾರ್ಡ್ ಬಂದ್ಮೇಲೆ ಅಬ್ಬಿ ಏಳ್ ವರ್ಷ ಇತ್ತ್. ದಿನಾ ಬೆಳಿಗ್ಗೆ ಎದ್ದ್ ಹೊಳಿ ಕಾಂತಿತ್ತ್. ಸಾಯು ಹೊತ್ತಿಗೆ ನಿಮ್ಮ್ ಕೈ ಹಿಡ್ಕಂಡ್, ಅವ್ಳ್ ಒಂದ್ ಎಲುಬಾರೂ ಸಿಕ್ಕಿದ್ರೆ ಅಂತ ಕೇಂಡಿತಲ್ದಾ? ಆಗಳೂ ನಿಮ್ಗ್ ಬಾಯ್ ಬರ್ಲಿಲ್ಲೆ?”

ಅವನು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿ ಅಳತೊಡಗಿದ. ಕಡಲಿನಲ್ಲಿ ಎಂಥ ಗಾಳಿ ಎದ್ದರೂ ಅಳದ ಗಂಡಸು. ಸರಸ ಅವನನ್ನು ನೋಡುತ್ತಾ ನಿಂತಳು. ಅವಳಿಗೆ ಅಳು ಬರಲಿಲ್ಲ. ವರ್ಷ ವರ್ಷ ಸತ್ತವರ ದಿನ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅಕ್ಕನಿಗೆ ಇಷ್ಟದ ಸಿಗಡಿ ಸುಕ್ಕ, ಕೊಟ್ಟೆ ಕಡುಬು ಎಡೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುತ್ತಿದ್ದರು. ಆ ಬಾಗಿಲನ್ನು ಎಳೆದು ಮುಚ್ಚುತ್ತಿದ್ದವನು ಇವನೇ.

“ಇದ್ ನಮ್ಮ್ ಅಬ್ಬಿ ಮನಿ,” ಎಂದಳು. “ನೀವ್ ಸ್ವಲ್ಪ್ ದಿನ ಉಪ್ಪುಂದದಂಗ್ ನಿಮ್ಮ್ ತಂಗಿ ಮನೀಗ್ ಹೋಯ್ನಿ. ನಂಗೆ ನಿಮ್ಮನ್ನ್ ಕಂಡ್ಕಂಡ್ ಅನ್ನ ಬಡ್ಸುಕ್ ಆತಿಲ್ಲೆ.”

ಅವನು ಎರಡು ಅಂಗಿ, ಒಂದು ಪಂಚೆ, ಬಲೆಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆ ಹತ್ತಿದ.

ನಾಲ್ಕು ದಿನ ಸರಸ ಸೂಜಿ ಹಿಡಿಯಲಿಲ್ಲ. ಒಲೆ ಹಚ್ಚಿದಳು, ರತ್ನಳಿಗೆ ಬಡಿಸಿದಳು, ಅವಳು ಅಪ್ಪಯ್ಯ ಎಲ್ಲಿ ಎಂದಾಗ ಉಪ್ಪುಂದಕ್ಕೆ ಹೋಗಿದ್ದಾರೆ ಎಂದಳು. ಅಕ್ಕನ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿರಲಿಲ್ಲ. ಒಮ್ಮೊಮ್ಮೆ ಆ ಸೀರೆಯನ್ನು ಒಲೆಗೆ ಹಾಕಿಬಿಡೋಣ ಎನ್ನಿಸುತ್ತಿತ್ತು. ಮರುಗಳಿಗೆಗೇ, ಸೊಂಟದ ಮಟ್ಟ ನೀರಿನಲ್ಲಿ ಕೂಸನ್ನೆತ್ತಿ ನಿಂತ ಇಪ್ಪತ್ತೆರಡರ ಹೆಣ್ಣು ಕಣ್ಣಿಗೆ ಕಟ್ಟುತ್ತಿದ್ದಳು. ಆ ಸಂಜೆ ತಾನು ಎಲ್ಲಿದ್ದೆ? ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಅಕ್ಕ ವಾರಗಟ್ಟಲೆ ನಿದ್ದೆ ಬಿಟ್ಟು ಗೋಡೆ ನೋಡುತ್ತಾ ಕೂರುತ್ತಿದ್ದದ್ದನ್ನು ಕಂಡೂ, ಬಾಣಂತಿಯ ಸುಸ್ತು ಎಂದುಕೊಂಡು ಮಗ್ಗುಲು ಬದಲಿಸಿ ಮಲಗಿದ್ದಳಲ್ಲ?

ಐದನೆಯ ದಿನ ನಾವುಂದಕ್ಕೆ ಹೋದಳು. ಹಿಡಿದ ಕೆಲಸ ಬಿಡುವಂತಿಲ್ಲ, ಸರೋಜಳಿಗೆ ದಿನ ಹತ್ತಿರ ಬಂದಿತ್ತು. ಕಂಕುಳಲ್ಲಿ ಸೀರೆ ಕಂಡದ್ದೇ ಉಮಾವತಿ ಶೆಡ್ತಿಯವರ ಮುಖ ಸಪ್ಪಗಾಯಿತು.

“ಸರ್ಸಾ, ತಪ್ಪ್ ತಿಳೀಬ್ಯಾಡ. ಆ ಸೀರಿ ಮಾತ್ರ ಬ್ಯಾಡ. ಬೊಜ್ಜ ಆದವ್ಳ್ ಸೀರಿ ಹುಟ್ಟು ಮಗಿನ್ ಮೈಮೇಲ್ ಹಾಕುಕಿಲ್ಲೆ.”

ಸರಸ ಬಾಗಿಲಲ್ಲೇ ನಿಂತಳು. ಅಕ್ಕನನ್ನು ಎಷ್ಟೆಷ್ಟೋ ಬೈದುಕೊಂಡು ಬಂದವಳಿಗೆ, ಇನ್ನೊಬ್ಬರ ಬಾಯಿಯಿಂದ ಆ ಮಾತು ಕೇಳಿದಾಗ ಸಹಿಸಲಾಗಲಿಲ್ಲ. ಸೀರೆಯನ್ನು ಎದೆಗೊತ್ತಿ ಹಿಡಿದಳು.

“ಬೊಜ್ಜ ನೀವ್ ಮಾಡದ್ದ್ ಅಬ್ಬಿ, ಅವ್ಳೇನ್ ಸತ್ತಿಲ್ಲೆ!” ಎಂದಳು ಸರೋಜ ಒಳಗಿನಿಂದ. ಗೋಡೆ ಹಿಡಿದು ನಿಧಾನ ನಡೆದು ಬಂದಳು. “ನಾಕ್ ತಿಂಗ್ಳ್ ಅವ್ಳ್ ಕೈ ಊಟ ಉಂಡ್ ಈ ಮಗು ಬೆಳ್ದದ್ದ್. ಅವ್ಳ್ ಕೈ ಅನ್ನ ಅಕ್ಕ್, ಅವ್ಳ್ ಸೀರಿ ಆತಿಲ್ಯಾ?”

ಶೆಡ್ತಿಯವರು ಮಗಳ ಹೊಟ್ಟೆಯನ್ನು, ಸರಸಳ ಮುಖವನ್ನು ನೋಡಿದರು. ಆಮೇಲೆ ದೇವರ ಕೋಣೆಗೆ ಹೋಗಿ ತೀರ್ಥದ ಗಿಂಡಿ ತಂದು, ಸೀರೆಯ ಮೇಲೆ ನಾಲ್ಕು ಹನಿ ಚಿಮುಕಿಸಿ, “ಹಾಕ್, ಹೊಲಿ” ಎಂದರು.

ಸರಸ ಚಾಪೆ ಹಾಸಿ ಕುಳಿತಳು. ಹಸಿರು ರಫು ಮೇಲೆ ಕಾಣದಂತೆ ಮಾಡಬೇಕಿತ್ತು. ಶೆಡ್ತಿಯವರ ಗಂಡನ ಒಂದು ಹಳೆಯ ಬಿಳಿ ಪಂಚೆ ಕೇಳಿ ಪಡೆದು ಎರಡು ಹೋಳು ಮಾಡಿದಳು. ಕೆಳಗೆ ಪಂಚೆ, ನಡುವೆ ಅಕ್ಕನ ಸೀರೆ, ಮೇಲೆ ಮತ್ತೆ ಪಂಚೆ. ಹೊರಗೆ ಎರಡೂ ಬದಿಗೆ ಕೆನೆಬಣ್ಣ. ಎತ್ತಿ ಬೆಳಕಿಗೆ ಹಿಡಿದಳು. ಒಂದು ನೆರಳೂ ಇಲ್ಲ, ಕೆನೆಯಂತೆ ಒಂದೇ ಸಮ. ಅಂಚಿನಿಂದ ಹೊಲಿಯುತ್ತಾ ಒಳಕ್ಕೆ ಬಂದಳು. ನಡುವಿನ ಗಂಟುಗಳ ಮೇಲೆ ಸೂಜಿ ಹಾಯುವಾಗ ಮಾತ್ರ ಬೆರಳಿಗೆ ಗಡುಸು ತಾಗುತ್ತಿತ್ತು. ಅಲ್ಲಿಗೆ ಬಂದಾಗ ಅವಳಿಗೆ ಅಳು ಬಂತು. ಕಣ್ಣೀರು ಬಟ್ಟೆಯ ಮೇಲೆ ಬಿದ್ದು ಕಲೆಯಾದೀತೆಂದು ಮುಖ ಆಚೆ ತಿರುಗಿಸಿ ಅತ್ತಳು.

ರತ್ನಳಿಗೆ ಹೇಳಿದ್ದು ಆ ಭಾನುವಾರ. ಏಳನೆಯ ಕ್ಲಾಸಿನ ಹುಡುಗಿ, ಜಗಲಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ತನ್ನನ್ನು ಹೆತ್ತವಳು ಹೊಳೆಯ ಪಾಲಾದಳೆಂದು ಅವಳಿಗೆ ಗೊತ್ತಿತ್ತು. ಆದರೂ ಅಬ್ಬಿ ಎನ್ನುತ್ತಿದ್ದದ್ದು ಸರಸಳನ್ನೇ. ಸರಸ ಏನನ್ನೂ ಮುಚ್ಚಿಡಲಿಲ್ಲ. ಹೊಳೆಯ ಸಂಗತಿ ಹೇಳುವಾಗ ಮಾತ್ರ ಹುಡುಗಿಯ ಕೈ ಹಿಡಿದುಕೊಂಡಳು. ರತ್ನ ಸ್ಲೇಟಿನ ಲೆಕ್ಕವನ್ನು ಅಂಗೈಯಿಂದ ಒರೆಸಿದಳು.

“ಹಾಂಗಾರೆ ಅಬ್ಬಿ,” ಎಂದಳು ಕೊನೆಗೆ, “ನಾವ್ ಇಷ್ಟ್ ವರ್ಷ ಎಡಿ ಬಡ್ಸದ್ದ್ ಯಾರಿಗ್?”

ಸರಸ ಸ್ಲೇಟನ್ನು ಪಕ್ಕಕ್ಕಿಟ್ಟು ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಹೋಟೆಲಿನ ವಿಳಾಸಕ್ಕೆ ಗುಲಾಬಿಗೆ ಕಾಗದ ಬರೆದವಳೂ ರತ್ನಳೇ. ಸರಸಳಿಗೆ ಅಕ್ಷರ ಬರುತ್ತಿರಲಿಲ್ಲ. “ಅಬ್ಬಿ ಹೋಯ್ತ್ ಅಂತ ಬರಿ. ನಂಗ್ ಸಿಟ್ಟಿತ್ತ್ ಅಂತ ಬರಿ. ತುಂಬಾ ಸಿಟ್ಟಿತ್ತ್ ಅಂತ ಬರಿ. ಬಾ ಅಂತ ಬರಿ.” ರತ್ನ ಬರೆದು ಮುಗಿಸಿ, ಕೆಳಗೆ ತನ್ನದೇ ಎರಡು ಸಾಲು ಸೇರಿಸಿದಳು. ಎಂತ ಬರೆದೆ ಎಂದು ಕೇಳಿದರೆ ಹೇಳಲಿಲ್ಲ. ಸರಸ ಒತ್ತಾಯಿಸಲಿಲ್ಲ.

ಸರೋಜಳಿಗೆ ಹೆಣ್ಣು ಮಗು ಹುಟ್ಟಿತು. ಮೂರು ತಿಂಗಳು ತುಂಬಿ, ಹೆಂಡತಿ ಮಗುವನ್ನು ಕರೆದುಕೊಂಡು ಹೋಗಲು ಲೀಲಾಧರ ಶೆಟ್ಟರು ಊರಿಗೆ ಬಂದಾಗ ಅವರ ಜೊತೆಗೆ ಗುಲಾಬಿಯೂ ಬಂದಳು. ಮಧ್ಯಾಹ್ನದ ಬಸ್ಸು ಮನೆಯೆದುರು ನಿಂತಿತು. ಇಳಿದವಳನ್ನು ಸರಸ ಮೊದಲು ಗುರುತಿಸಲಿಲ್ಲ. ಮೂರೇ ವರ್ಷ ದೊಡ್ಡವಳು, ತಲೆ ಅರ್ಧ ಬೆಳ್ಳಗಾಗಿತ್ತು. ಅಂಗಳದ ಅಂಚಿಗೆ ಬಂದು ನಿಂತಳು, ಒಳಗೆ ಕಾಲಿಡಲಿಲ್ಲ.

ನಾಲ್ಕು ತಿಂಗಳಿನಿಂದ ಸರಸ ಮನಸ್ಸಿನಲ್ಲೇ ಹೊಂದಿಸಿಟ್ಟ ಮಾತುಗಳು ಒಂದೂ ಹೊರಡಲಿಲ್ಲ. ಓಡಿಹೋಗಿ ಅಕ್ಕನ ಹೆಗಲಿಗೆ, ಬೆನ್ನಿಗೆ ಗುದ್ದಿದಳು. ಗುಲಾಬಿ ತಪ್ಪಿಸಿಕೊಳ್ಳದೆ ನಿಂತಳು. ಗುದ್ದುತ್ತಾ ಗುದ್ದುತ್ತಾ ಸರಸಳ ಕೈ ಸೋತು ಅವಳ ಕುತ್ತಿಗೆಗೆ ಬಿತ್ತು. ಇಬ್ಬರೂ ಹಾಗೇ ಕೂತು ಅತ್ತರು.

ಗುಲಾಬಿ ಎಂಟು ದಿನ ಇದ್ದಳು. ಮೊದಲ ಮೂರು ದಿನ ರತ್ನಳ ಹತ್ತಿರ ಹೋಗಲಿಲ್ಲ. ದೂರದಿಂದ, ಅವಳು ನೋಡದಿರುವಾಗ ನೋಡುತ್ತಿದ್ದಳು. ರತ್ನಳೂ ಎದುರಾದರೆ ದಾರಿ ಬಿಟ್ಟು ನಡೆಯುತ್ತಿದ್ದಳು. ನಾಲ್ಕನೆಯ ದಿನ ಹುಡುಗಿ ಬಾಚಣಿಗೆ ತಂದು ಅವಳೆದುರು ಬೆನ್ನು ಹಾಕಿ ಕುಳಿತಳು. ಗುಲಾಬಿ ಸಿಕ್ಕು ಒಂದೊಂದಾಗಿ ಬಿಡಿಸುವುದನ್ನು ಸರಸ ಅಡುಗೆಮನೆಯ ಬಾಗಿಲಿನಿಂದ ನೋಡಿದಳು. ಒಂದು ಜಡೆ ಹೆಣೆಯಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

ಊರವರು ಬಂದು ಬಂದು ನೋಡಿಹೋದರು. ಕೆಲವರು ಮಾತಾಡಿಸಿದರು, ಕೆಲವರು ಸತ್ತವಳನ್ನು ಕಂಡಂತೆ ರಸ್ತೆಯಲ್ಲೇ ನಿಂತು ಹೊರಟುಹೋದರು. ಮಂಜಯ್ಯ ಒಂದು ದಿನ ಬಂದು ಅಂಗಳದಲ್ಲಿ ಮೀನಿನ ಬುಟ್ಟಿ ಇಟ್ಟ. ಗುಲಾಬಿ ಅವನಿಗೆ ಕೈ ಮುಗಿದಳು. ಅವನೂ ಮುಗಿದ. ಸರಸ ಅವನಿಗೆ ನೀರು ಬೆಲ್ಲ ಕೊಟ್ಟಳು. ಒಳಗೆ ಬನ್ನಿ ಎನ್ನಲಿಲ್ಲ. ಅದು ಯಾವಾಗ ಬಾಯಿಗೆ ಬರುವುದೋ ಅವಳಿಗೂ ತಿಳಿದಿರಲಿಲ್ಲ.

ಹೊರಡುವ ದಿನ ಗುಲಾಬಿ ಇರು ಎಂದರೂ ಇರಲಿಲ್ಲ. ಅಲ್ಲಿ ಕೆಲಸವಿದೆ, ಮಳೆ ಬಿಟ್ಟ ಮೇಲೆ ಮತ್ತೆ ಬರುತ್ತೇನೆ ಎಂದಳು. ಬಸ್ಸು ಬಂತು. ಅವಳು ಹತ್ತಿ ಕುಳಿತಳು. ಸರಸ ಕಿಟಕಿಯ ಹತ್ತಿರ ನಿಂತು ಕಡುಬಿನ ಗಂಟನ್ನು ಒಳಗೆ ಕೊಡುತ್ತಿದ್ದಾಗ, ರತ್ನ ಅವಳ ಪಕ್ಕದಿಂದ ನುಸುಳಿ ಬಸ್ಸಿನ ಮೆಟ್ಟಿಲು ಹತ್ತಿದಳು.

“ಎಲ್ಲಿಗಾ ಹೆಣೆ?” ಎಂದಳು ಸರಸ ಗಾಬರಿಯಿಂದ.

“ಬೈಂದೂರ್ ತನ್ಕ ಹೋಯಿ ಬತ್ತೆ ಅಬ್ಬಿ,” ಎಂದಳು ರತ್ನ, ಗುಲಾಬಿಯ ಪಕ್ಕ ಕೂರುತ್ತಾ. “ಸಂಜಿ ಬಸ್ಸಿಗ್ ಬತ್ತೆ.”

ಕಂಡಕ್ಟರ್ ಸೀಟಿ ಊದಿದ.